ಬದಲಿ ಬರುವವರೆಗೆ

ಮಗು ಅವತ್ತು ಬಂದಿತ್ತೋ ಇಲ್ಲವೋ ಎಂಬುದರ ಬಗ್ಗೆ ನನಗೂ ಪಕ್ಕದ ಮೇಜಿನವರಿಗೂ ಇವತ್ತಿಗೂ ಒಮ್ಮತವಿಲ್ಲ. ಬಂದಿತ್ತು, ದೊಡ್ಡಮ್ಮನ ಸೊಂಟದ ಮೇಲೆ ಕೂತು ನನ್ನ ಮೇಜಿನ ಗುಂಡುಪಿನ್ನಿನ ಡಬ್ಬಿಗೆ ಕೈ ಚಾಚಿತ್ತು ಎನ್ನುತ್ತೇನೆ ನಾನು. ಆ ಹೆಂಗಸು ಒಬ್ಬಳೇ ಬಂದಿದ್ದಳು, ಕೈಯಲ್ಲಿ ಒಂದು ಛತ್ರಿ ಇತ್ತು, ಮಗುವೂ ಇರಲಿಲ್ಲ ಮಣ್ಣೂ ಇರಲಿಲ್ಲ ಎನ್ನುತ್ತಾರೆ ಅವರು. ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೇನೂ ಇಲ್ಲ. ನನಗೂ ಇಲ್ಲ. ಅದಕ್ಕೇ ಈ ವಿಷಯವನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಮೊದಲಿನಿಂದ ಹೇಳುವುದೇ ವಾಸಿ.

ನಾನು ಓದಿದ್ದು ಇತಿಹಾಸ. ಎಂ.ಎ. ಮುಗಿಸಿ, ಜನ ಬಾಯಲ್ಲಿ ಹೇಳುವ ನೆನಪುಗಳನ್ನು ಇತಿಹಾಸಕಾರ ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಷಯದ ಮೇಲೆ ಸಂಶೋಧನೆಗೆ ಸೇರಿ, ಅರ್ಧಕ್ಕೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಬೇರೆ ಬೇರೆ ಕಾರಣ ಹೇಳಿದ್ದೇನೆ. ಈಗ ಅವುಗಳಲ್ಲಿ ಯಾವುದು ನಿಜ ಎಂದು ನನಗೇ ಗೊತ್ತಾಗುವುದಿಲ್ಲ. ಆಮೇಲೆ ಪರೀಕ್ಷೆ ಬರೆದು ಗುಮಾಸ್ತನಾಗಿ ಸಕಲೇಶಪುರಕ್ಕೆ ಬಂದೆ. ಸುತ್ತಿನ ಗ್ರಾಮ ಪಂಚಾಯಿತಿಗಳನ್ನು ನೋಡಿಕೊಳ್ಳುವ ಕಚೇರಿ ಅದು. ನನಗೆ ಸಿಕ್ಕಿದ್ದು ಸಿಬ್ಬಂದಿ ಶಾಖೆ.

ಸಿಬ್ಬಂದಿ ಶಾಖೆಯಲ್ಲಿ ರಸ್ತೆ, ಚರಂಡಿ, ಬೀದಿದೀಪ ಯಾವುದೂ ಇರುವುದಿಲ್ಲ. ಇರುವುದು ಮನುಷ್ಯರು ಮಾತ್ರ, ಅದೂ ಕಾಗದದ ಮೇಲೆ. ಒಬ್ಬರು ಕೆಲಸಕ್ಕೆ ಬರುವುದು, ರಜೆ ಹಾಕುವುದು, ವರ್ಗವಾಗುವುದು, ನಿವೃತ್ತರಾಗುವುದು, ತೀರಿಕೊಳ್ಳುವುದು, ಎಲ್ಲಕ್ಕೂ ಹಿಂದಿನವರು ಬರೆದಿಟ್ಟ ವಾಕ್ಯಗಳಿದ್ದವು. ಹೆಸರು ಬದಲಾಯಿಸಿದರೆ ಸಾಕು. ಸೇರಿದ ಹೊಸದರಲ್ಲಿ ನನಗೆ ಇದು ಹಾಸ್ಯವಾಗಿ ಕಂಡಿತ್ತು. ಊಟದ ಹೊತ್ತಿನಲ್ಲಿ ಈ ವಾಕ್ಯಗಳನ್ನು ಪುರೋಹಿತರ ಧಾಟಿಯಲ್ಲಿ ಹೇಳಿ ನಗಿಸುತ್ತಿದ್ದೆ. ನಮ್ಮ ಮ್ಯಾನೇಜರ್ ನಗುತ್ತಿರಲಿಲ್ಲ. ಅವರು ಮಗ್ಗೆ ಕಡೆಯವರು, ಇಡೀ ಸೇವೆಯನ್ನು ಇಂಥ ಕಚೇರಿಗಳಲ್ಲೇ ಕಳೆದವರು. ಒಂದು ಸಲ ಇಷ್ಟು ಹೇಳಿದರು: "ಮಂತ್ರ ತಪ್ಪಿದ್ರೆ ದೇವ್ರು ಸುಮ್ನಿರ್ತಾನೆ ಮಾರಾಯ. ಇದು ತಪ್ಪಿದ್ರೆ ಯಾರ್ದೋ ಮನೇಲಿ ಒಲೆ ಉರಿಯಲ್ಲ."

ಹೆತ್ತೂರಿನಿಂದ ಇನ್ನೂ ಮೇಲೆ, ಘಟ್ಟದ ಅಂಚಿಗೆ ಹತ್ತಿರ ಒಂದು ಪಂಚಾಯಿತಿ ಇದೆ. ಅಲ್ಲಿ ಕಾರ್ಯದರ್ಶಿಯಾಗಿದ್ದವರು ಮೂವತ್ತು ದಾಟಿದ ಒಬ್ಬ ಹೆಂಗಸು. ಗಂಡನ ಮನೆ ಕುಂದೂರಿನ ಹತ್ತಿರ. ಗಂಡ, ಗಂಡನ ಅಣ್ಣ ಇಬ್ಬರೂ ಜೋಳ, ಆಲೂಗೆಡ್ಡೆ, ಶುಂಠಿ ಎಂದು ಒಟ್ಟಿಗೇ ಬೇಸಾಯ ಮಾಡುತ್ತಿದ್ದರು. ಹೆರಿಗೆ ರಜೆ ಮುಗಿಸಿ ಈಕೆ ಮಗುವನ್ನು ಮೇಲಕ್ಕೆ ಕರೆತಂದು ಬಾಡಿಗೆ ಮನೆಯಲ್ಲಿ ಒಂದು ಮಳೆಗಾಲ ಕಳೆದಿದ್ದರು. ಮಗುವಿಗೆ ಉಬ್ಬಸ ಹಿಡಿಯಿತು. ಕೆಳಗೆ ಬಯಲಿಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಇದು ಹೋಗುವುದಿಲ್ಲ ಎಂದರು ಡಾಕ್ಟರು. ಹಾಗೆ ಮಗು ಕುಂದೂರಿನ ಮನೆಗೆ, ವಾರಗಿತ್ತಿಯ ಕೈಗೆ ಹೋಯಿತು. ವಾರಗಿತ್ತಿ ಎಂದರೆ ಗಂಡನ ಅಣ್ಣನ ಹೆಂಡತಿ. ಆಕೆಗೆ ಮಕ್ಕಳಿರಲಿಲ್ಲ. ತಾಯಿ ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹಿಂತಿರುಗುತ್ತಿದ್ದರು. ಮಳೆಯಲ್ಲಿ ರಸ್ತೆಗೆ ಮರ ಬಿದ್ದ ವಾರ ಅದೂ ಇಲ್ಲ.

ಮಗು ಮಾತು ಕಲಿತಾಗ ವಾರಗಿತ್ತಿಯನ್ನು ಅಮ್ಮ ಎಂದಿತು. ತಾಯಿಯನ್ನು ಪಂಚಾಯ್ತಿ ಅಮ್ಮ ಎಂದಿತು. ಇದನ್ನು ಕಾರ್ಯದರ್ಶಿಯೇ ನನ್ನ ಮೇಜಿನ ಮುಂದೆ ನಿಂತು ಹೇಳಿದ್ದರು. ನಗುತ್ತಲೇ ಹೇಳಿದರು, ಮನೆಯವರೆಲ್ಲ ಇದನ್ನು ತಮಾಷೆ ಎಂದು ಬಂದವರೆದುರೆಲ್ಲ ಮಗುವಿನ ಬಾಯಿಂದ ಹೇಳಿಸುತ್ತಾರಂತೆ. ವರ್ಗಾವಣೆ ಅರ್ಜಿ ಕೊಡಲು ಬಂದ ದಿನ ಅದು. ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಕೌಟುಂಬಿಕ' ಎಂದಷ್ಟೇ ಇತ್ತು.

ಜಿಲ್ಲೆಯಿಂದ ಆದೇಶ ಬೇಗನೆ ಬಂತು. ಮಗ್ಗೆ ಕಡೆಯ ಒಂದು ಪಂಚಾಯಿತಿಗೆ ಹಾಕಿದ್ದರು. ಅಲ್ಲಿಂದ ಮನೆಗೆ ದಿನವೂ ಓಡಾಡಬಹುದು. ಆದರೆ ಮಲೆಯಿಂದ ಕೆಳಗಿಳಿಯುವ ಎಲ್ಲರ ಆದೇಶದಲ್ಲೂ ಇರುವ ವಾಕ್ಯ ಇದರಲ್ಲೂ ಇತ್ತು: ಬದಲಿ ನೌಕರರು ಹಾಜರಾದ ನಂತರ ಬಿಡುಗಡೆ ಮಾಡತಕ್ಕದ್ದು.

ಬದಲಿ ಹಾಜರಾಗುವುದೆಂದರೆ ಏನು ಎನ್ನುವುದು ಇಲ್ಲಿ ಮುಖ್ಯ. ಮೇಲಿನ ಪಂಚಾಯಿತಿಗಳಿಗೆ ಹೋಗಲು ಯಾರಿಗೂ ಮನಸ್ಸಿಲ್ಲ. ಮಳೆ, ಆನೆ, ಬಸ್ಸಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಹಾಗಾಗಿ ಒಂದು ರೂಢಿ ಬಂದುಬಿಟ್ಟಿತ್ತು. ಅಲ್ಲಿಗೆ ನೇಮಕವಾದವರು ಮೊದಲು ಪೇಟೆಯ ನಮ್ಮ ಕಚೇರಿಗೆ ಬಂದು ಹಾಜರಾಗುತ್ತಾರೆ. ಸ್ವಲ್ಪ ದಿನದಲ್ಲೇ 'ಕೆಲಸದ ಒತ್ತಡದ ನಿಮಿತ್ತ' ಅವರನ್ನು ನಮ್ಮ ಕಚೇರಿಗೇ ನಿಯೋಜನೆ ಮಾಡಲಾಗುತ್ತದೆ. ಹುದ್ದೆ ಮೇಲಿರುತ್ತದೆ, ಮನುಷ್ಯ ಕೆಳಗಿರುತ್ತಾನೆ. ಕಾರ್ಯದರ್ಶಿಯ ಜಾಗಕ್ಕೆ ಬಂದ ಹೊಸಬನೂ ಹೀಗೇ ನನ್ನ ಎದುರಿನ ಕಂಪ್ಯೂಟರ್ ಮುಂದೆ ಕೂತ. ಚನ್ನರಾಯಪಟ್ಟಣದ ಕಡೆಯವನು, ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ಕೆಟ್ಟವನಲ್ಲ. ಎಲ್ಲರಿಗೂ ಟೀ ತರಿಸುತ್ತಿದ್ದ, ನಮ್ಮ ಯಾರಿಗೂ ಬಾರದ ತಂತ್ರಾಂಶವನ್ನು ಬೇಗ ಕಲಿತುಕೊಂಡ. ಆನೆ ಎಂದರೆ ಮಾತ್ರ ಬೆವರುತ್ತಿದ್ದ. "ಆನೆ ಬಂದ್ರೆ ನಿನ್ ನಿಯೋಜನೆ ಆರ್ಡರ್ ತೋರ್ಸಪ್ಪ, ಕೆಳಗಡೆ ಆಫೀಸಿನೋನು ಅಂತ ಬುಟ್ಬುಡ್ತದೆ" ಎಂದು ಅಟೆಂಡರ್ ಅವನನ್ನು ರೇಗಿಸುತ್ತಿದ್ದ.

ಕಾಗದದ ಪ್ರಕಾರ ಬದಲಿ ಬಂದಾಗಿತ್ತು. ಒಂದು ಸಂಜೆ ಕಾರ್ಯದರ್ಶಿಯ ಫೋನು ಸಿಕ್ಕಾಗ ಮ್ಯಾನೇಜರ್, ನೀವು ಏಕಪಕ್ಷೀಯವಾಗಿ ಚಾರ್ಜ್ ಬಿಟ್ಟು ಇಳಿದು ಬನ್ನಿ, ಬೀಗದ ಕೈ ಅಧ್ಯಕ್ಷರ ಕೈಗೆ ಕೊಡಿ, ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎಂದರು. ಎದುರಿಗೆ ಯಾರೂ ತೆಗೆದುಕೊಳ್ಳುವವರಿಲ್ಲದಿದ್ದರೂ ಒಬ್ಬರೇ ಸಹಿ ಹಾಕಿ ಜವಾಬ್ದಾರಿ ಬಿಡಲು ನಿಯಮದಲ್ಲಿ ಅವಕಾಶವಿದೆ. ಆಕೆ ಬರುವುದಿಲ್ಲ ಎಂದರು.

ನನಗೆ ಇದು ಅರ್ಥವಾಗಲಿಲ್ಲ. ಮಗುವಿಗಾಗಿ ಅರ್ಜಿ ಕೊಟ್ಟವರು, ಬಾಗಿಲು ತೆಗೆದ ಮೇಲೆ ಒಳಗೇ ಕೂತಿದ್ದಾರೆ. ಮುಂದಿನ ವಾರ ಅವರು ಸಂಬಳದ ಬಿಲ್ಲಿಗೆಂದು ಪೇಟೆಗೆ ಬಂದಾಗ ಕೇಳಿದೆ. ಸುತ್ತು ತೋರಿಸದೆ ಹೇಗೆ ಬರಲಿ ಎಂದರು.

ಸುತ್ತು ತೋರಿಸುವುದು ಎಸ್ಟೇಟಿನ ಪದ್ಧತಿ. ಎಸ್ಟೇಟಿನಲ್ಲಿ ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವ ಒಬ್ಬ ರೈಟರ್ ಬಿಟ್ಟು ಹೋಗುವಾಗ ಹೊಸ ರೈಟರನ್ನು ಬೇಲಿಯ ಗುಂಟ ಇಡೀ ತೋಟ ನಡೆಸುತ್ತಾನೆ. ಸ್ಟೋರ್, ಕಣ, ಕೂಲಿಯವರು ಸಾಲಾಗಿ ವಾಸಿಸುವ ಲೈನ್‌ಮನೆಗಳು, ಪಕ್ಕದ ತೋಟದವರು, ಎಲ್ಲರಿಗೂ ಮುಖ ತೋರಿಸಿ 'ಇನ್ನು ಮೇಲೆ ಇವ್ರು' ಎಂದು ಹೇಳಿ ಹೋಗಬೇಕು. ಆ ಪಂಚಾಯಿತಿಯ ಜನ ಕಾರ್ಯದರ್ಶಿಗಳಿಗೂ ಇದನ್ನೇ ಅನ್ವಯಿಸಿದ್ದರು. ಅಲ್ಲಿ ನೀರು ಬರುವುದು ಗುಡ್ಡದ ಒರತೆಗಳಿಂದ. ಪೈಪುಗಳು ಹಾದುಹೋಗುವುದು ಖಾಸಗಿ ತೋಟಗಳ ಒಳಗಿಂದ. ಪರಿಚಯವಿಲ್ಲದವರಿಗೆ ಗೇಟು ತೆಗೆಯುವುದಿಲ್ಲ. ನೀರುಗಂಟಿಗಳಿದ್ದರು ನಿಜ, ಆದರೆ ಒಬ್ಬೊಬ್ಬರಿಗೆ ಅವರವರ ಕಡೆಯ ಪೈಪು ಮಾತ್ರ ಗೊತ್ತು. ಇಡೀ ಸುತ್ತು ಗೊತ್ತಿರುವುದು ಕಾರ್ಯದರ್ಶಿಗೆ ಮಾತ್ರ.

ಇವರಿಗಿಂತ ಮುಂಚೆ ಇದ್ದ ಕಾರ್ಯದರ್ಶಿ ಸುತ್ತು ತೋರಿಸದೆ ಹೋಗಿದ್ದರಂತೆ. ಆ ಬೇಸಗೆಯಲ್ಲಿ ಒಂದು ಲೈನಿನ ಮನೆಗಳಿಗೆ ನೀರು ನಿಂತಿತು. ವಾಲ್ವ್ ಎಲ್ಲಿದೆ ಎಂದು ಹೊಸದಾಗಿ ಬಂದ ಈಕೆಗೆ ಗೊತ್ತಿಲ್ಲ. ಅದು ಒಂದು ಎಸ್ಟೇಟ್ ಸ್ಟೋರಿನ ಹಿಂದೆ ತರಗೆಲೆಯಡಿ ಹೂತುಹೋಗಿತ್ತು. ಅದನ್ನು ಹುಡುಕುವಷ್ಟರಲ್ಲಿ ಲೈನಿನ ಒಬ್ಬ ಹೆಂಗಸು ಹಳ್ಳದಿಂದ ನೀರು ಹೊತ್ತು ತರುವಾಗ ಜಾರಿ ಬಿದ್ದು ಕೈ ಮುರಿದುಕೊಂಡಳು, ಆ ವರ್ಷ ಕಾಫಿ ಕೊಯ್ಲಿಗೆ ಹೋಗಲಾಗಲಿಲ್ಲ. ಆ ಹೆಂಗಸು ಈಗಲೂ ದಿನಾ ಪಂಚಾಯಿತಿ ಮುಂದೆಯೇ ಹಾದುಹೋಗುತ್ತಾಳೆ, ಏನೂ ಅನ್ನುವುದಿಲ್ಲ, ಅದೇ ಕಷ್ಟ ಎಂದರು ಕಾರ್ಯದರ್ಶಿ.

ನಾನು ಓದಿದವನ ಹಾಗೆ ವಾದ ಮಾಡಿದೆ. ವ್ಯವಸ್ಥೆಯ ತಪ್ಪಿಗೆ ನೀವೊಬ್ಬರೇ ಯಾಕೆ ಹೊಣೆ ಹೊರಬೇಕು ಎಂದೆ. ನೀವು ಇಳಿದರೆ ತಾನೇ ಮೇಲಿನವರಿಗೆ ಬಿಸಿ ಮುಟ್ಟುವುದು ಎಂದೆ. ಮಗು ಒಂದು ಸಲ ಕೈತಪ್ಪಿದರೆ ಯಾವ ಆದೇಶದಿಂದಲೂ ವಾಪಸು ಬರುವುದಿಲ್ಲ ಎಂದೂ ಅಂದಿರಬೇಕು, ಅಥವಾ ಅದನ್ನು ಆಮೇಲೆ ಮನಸ್ಸಿನಲ್ಲೇ ಅಂದುಕೊಂಡೆನೋ. ಆಕೆ ಎಲ್ಲ ಕೇಳಿ, "ನೀವು ಹೇಳೋದು ಸರಿ ಸಾರ್. ಹೋಗ್ಬುಟ್ರೆ ಆಯ್ತು. ನೀರು ನಿಂತಾಗ ಅವ್ರು ನನಗೇ ಫೋನ್ ಮಾಡ್ತಾರೆ. ಮಗೂನ ಎದೆ ಮೇಲೆ ಮಲಗಿಸ್ಕೊಂಡು ನಾನು ಏನಂತ ಹೇಳ್ಲಿ?" ಎಂದರು. ಫೋನು ಎತ್ತಬೇಡಿ ಎಂದೆ, ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು.

ಹೀಗೆ ಎರಡು ತಿಂಗಳೋ ಮೂರು ತಿಂಗಳೋ ಹೋಯಿತು. ಹೊಸಬನಿಗೆ ಒಂದೇ ಒಂದು ದಿನ ಮೇಲೆ ಹೋಗಿ ಸುತ್ತು ನೋಡಿ ಬಾ ಎಂದು ಮ್ಯಾನೇಜರ್ ಹೇಳಿದರೆ ಅವನು ತಲೆ ಬಗ್ಗಿಸಿಕೊಂಡು ಹ್ಞೂಂ ಅನ್ನುತ್ತಿದ್ದ, ಹೋಗುತ್ತಿರಲಿಲ್ಲ. ಆನೆ ಒಂದು ನೆಪ. ಅವನ ನಿಜವಾದ ಭಯ ಬೇರೆ. ಒಂದು ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆಯುವಾಗ ನನಗೆ ಹೇಳಿದ. ಸುತ್ತು ನೋಡಿದವನನ್ನು ಆ ಜನ ಬಿಡುವುದಿಲ್ಲ ಸಾರ್, ಆಮೇಲೆ ನಿಯೋಜನೆ ಗಿಯೋಜನೆ ಏನೂ ನಡೆಯುವುದಿಲ್ಲ, ನಮ್ಮವನು ಅಂದುಬಿಡುತ್ತಾರೆ, ಕಾರ್ಯದರ್ಶಿ ಮೇಡಂ ಗತಿಯೇ ನನಗೂ ಎಂದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗಲೇ ವಾರಗಿತ್ತಿ ಬಂದದ್ದು.

ಮಧ್ಯಾಹ್ನ, ಊಟದ ಹೊತ್ತು ಮುಗಿದಿತ್ತು. ಎತ್ತರದ ಹೆಂಗಸು, ಕುಂದೂರಿನಿಂದ ಬಂದಿದ್ದೇನೆ ಎಂದಳು. ಯಾರ ಬಗ್ಗೆ ಕೇಳಲು ಬಂದಿದ್ದಾಳೆಂದು ಗೊತ್ತಾದ ಮೇಲೆ ನಾನು ಕುರ್ಚಿ ತೋರಿಸಿದೆ, ಕೂರಲಿಲ್ಲ. ಮಗುವಿನ ತಾಯಿಯನ್ನು ಯಾವಾಗ ಬಿಡುತ್ತೀರಿ ಎಂದು ಕೇಳಿದಳು. ನಾವು ಬಿಟ್ಟಿದ್ದೇವೆ, ಅವರೇ ಬರುತ್ತಿಲ್ಲ ಎಂದು ನಾನು ಇಡೀ ಕಥೆ ಹೇಳಿದೆ. ಈಕೆ ತಂಗಿಯಂಥವಳ ಪರವಾಗಿ ಬೇಡಿಕೊಳ್ಳಲು ಬಂದಿದ್ದಾಳೆ ಎಂದುಕೊಂಡಿದ್ದೆ. ಇಲ್ಲವೇ ಜಗಳವಾಡಲು. ಆಕೆ ಎರಡನ್ನೂ ಮಾಡಲಿಲ್ಲ. ಪಕ್ಕದ ಮೇಜಿನವರಿಗೂ ಕೇಳುವಷ್ಟೇ ದನಿಯಲ್ಲಿ ಹೇಳಿದಳು:

"ಬ್ಯಾಗ ಬಿಡಿಸ್ಕೊಡಿ ಸಾರ್. ಈಗ್ಲಾದ್ರೆ ಮಗೀನ ಅವ್ಳ ಕೈಗೆ ಕೊಟ್ಬುಡ್ತೀನಿ. ಇನ್ನೊಂದ್ ಮಳೆಗಾಲ ಹೋಯ್ತು ಅಂದ್ರೆ ನನ್ ಕೈಲಿ ಕೊಡಾಕಾಗಲ್ಲ."

ಹೇಳಿ ಹೊರಟೇಹೋದಳು. ಟೀ ತರಿಸುತ್ತೇನೆಂದರೂ ನಿಲ್ಲಲಿಲ್ಲ.

ಈ ಮಾತು ಆಡಿದ್ದು ನಿಜ. ಪಕ್ಕದ ಮೇಜಿನವರೂ ಇದನ್ನು ಹೀಗೇ ಹೇಳುತ್ತಾರೆ. ಮಗುವಿನ ವಿಷಯದಲ್ಲಿ ಮಾತ್ರ ನಾವು ಬೇರೆಯಾಗುತ್ತೇವೆ. ಮಗುವಿನ ಹಳದಿ ಸ್ವೆಟರ್, ಡಬ್ಬಿಯತ್ತ ಚಾಚಿದ ಕೈ, ಆ ಕೈಯನ್ನು ಹಿಂದಕ್ಕೆಳೆದು ಸೆರಗಿನೊಳಗೆ ಇಟ್ಟುಕೊಂಡ ಹೆಂಗಸು, ಇವೆಲ್ಲ ಕಣ್ಣ ಮುಂದೆ ಇವೆ. ಒಬ್ಬರು ತಮ್ಮ ನೆನಪನ್ನು ಹೆಚ್ಚು ಸ್ಪಷ್ಟವಾಗಿ ವರ್ಣಿಸಿದಷ್ಟೂ ಅದನ್ನು ಹೆಚ್ಚು ಅನುಮಾನಿಸಬೇಕು ಎಂದು ಬಿಟ್ಟುಬಂದ ಸಂಶೋಧನೆಯಲ್ಲಿ ನಾನೇ ಬರೆದಿದ್ದೆ. ಆ ಹೆಂಗಸಿನ ಮಾತಿಗೆ ಒಂದು ಮಗು ಬೇಕಿತ್ತು, ಅದಕ್ಕೆ ನನ್ನ ಮನಸ್ಸು ಒಂದನ್ನು ತಂದು ಅವಳ ಸೊಂಟದ ಮೇಲೆ ಕೂರಿಸಿರಬಹುದು. ಹಳದಿ ಸ್ವೆಟರ್ ನನ್ನ ಅಕ್ಕನ ಮಗನದ್ದೂ ಒಂದಿತ್ತು.

ಮುಂದೆ ಆದದ್ದಕ್ಕೂ ಎರಡು ಪಾಠಾಂತರಗಳಿವೆ. ನನ್ನ ನೆನಪಿನಲ್ಲಿ, ಮರುದಿನ ನಾನೇ ಮ್ಯಾನೇಜರ್ ಮುಂದೆ ಹೋಗಿ, ಹೊಸಬ ಹೋಗದಿದ್ದರೆ ನನ್ನನ್ನು ಪ್ರಭಾರ ಹಾಕಿ, ನಾನು ಸುತ್ತು ನೋಡಿ ಚಾರ್ಜ್ ತೆಗೆದುಕೊಳ್ಳುತ್ತೇನೆ ಎಂದೆ. ಪ್ರಭಾರವೆಂದರೆ ನಮ್ಮ ಮೇಜಿನ ಕೆಲಸದ ಜೊತೆಗೆ ಇನ್ನೊಂದು ಜಾಗದ ಹೊಣೆಯನ್ನೂ ಸದ್ಯಕ್ಕೆ ಹೊರುವುದು. ಈಗ ನಿವೃತ್ತರಾಗಿ ಮಗ್ಗೆಯಲ್ಲಿರುವ ಮ್ಯಾನೇಜರ್ ಇದನ್ನು ಒಪ್ಪುವುದಿಲ್ಲ. "ನಿನ್ನನ್ನ ನಾನ್ ಹಾಕಿದ್ದು ಕಣೋ. ಮುಖ ಸಿಂಡರಿಸ್ಕೊಂಡ್ ಹೋಗಿದ್ದೆ ನೀನು. ಮದ್ವೆ ಇಲ್ಲ ಮಕ್ಕಳಿಲ್ಲ, ಇನ್ಯಾರ್ನ ಹಾಕ್ಲಿ?" ಎನ್ನುತ್ತಾರೆ. ಅವರು ಹೇಳಿದ್ದೇ ಸರಿಯಿರಬಹುದು. ಆದೇಶದ ಕರಡನ್ನು ನಾನೇ ಟೈಪು ಮಾಡಿದ್ದು ಖಂಡಿತ. ನನ್ನ ಹೆಸರಿನ ಮುಂದೆ 'ಮುಂದಿನ ಆದೇಶದವರೆಗೆ' ಎಂದು ಬೆರಳು ತಾನಾಗಿಯೇ ಹೊಡೆದುಬಿಟ್ಟಿತ್ತು. ನಾನಾಗಿಯೇ ಕೇಳಿದ್ದೇ ಆದರೂ ಅದು ಮಗುವಿಗಾಗಿಯೋ, ಕೂತು ಕೂತು ಬೇಸರ ಹಿಡಿದಿದ್ದಕ್ಕೋ ಎಂದು ಆಣೆ ಮಾಡಿ ಹೇಳಲಾರೆ.

ಬೆಳಿಗ್ಗೆ ಬಸ್ಸಿಳಿದಾಗ ಮಂಜು ಇನ್ನೂ ಸಿಲ್ವರ್ ಮರಗಳ ನಡುವೆಯೇ ಇತ್ತು. ಕಾರ್ಯದರ್ಶಿ ಪಂಚಾಯಿತಿ ಬಾಗಿಲಲ್ಲಿ ನಿಂತಿದ್ದರು, ಕಾಲಿಗೆ ರಬ್ಬರ್ ಚಪ್ಪಲಿ, ಸೀರೆಯನ್ನು ಸ್ವಲ್ಪ ಎತ್ತಿ ಕಟ್ಟಿದ್ದರು. ಜೊತೆಗೆ ವಯಸ್ಸಾದ ಒಬ್ಬ ನೀರುಗಂಟಿ. ನನ್ನ ಕಾಲು ನೋಡಿ ಅವನು, "ಏನ್ ಸಾರ್, ಬೂಟ್ ಹಾಕ್ಕೊಂಡ್ ಬಂದ್ಬುಟ್ರಿ. ಇಂಬಳಕ್ಕೆ ಬಾಡಿಗೆ ಮನೆ ಕೊಟ್ಟಂಗಾಯ್ತಲ್ಲ" ಎಂದ. ಅವನು ಹೇಳಿದ ಹಾಗೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಜಿಗಣೆ ಕಚ್ಚಿ ಎರಡೂ ಕಾಲುಚೀಲ ರಕ್ತ. ಅವನ ಬರಿಗಾಲಿಗೆ ಹೊಗೆಸೊಪ್ಪು ಸುಣ್ಣ ಸವರಿತ್ತು, ಒಂದು ಇಂಬಳವೂ ಹತ್ತಿರಲಿಲ್ಲ.

ಇಡೀ ದಿನ ನಡೆದೆವು. ಒರತೆ, ಅದಕ್ಕೆ ಕಟ್ಟಿದ ಸಣ್ಣ ತೊಟ್ಟಿ, ಅಲ್ಲಿಂದ ಇಳಿಯುವ ಕಪ್ಪು ಪೈಪು, ಪ್ರತಿ ತೋಟದ ಗೇಟು. ಪ್ರತಿ ಗೇಟಿನಲ್ಲೂ ರೈಟರ್ ಹೊರಗೆ ಬಂದು ಆಕೆಯ ಹತ್ತಿರ ಮಾತಾಡುತ್ತ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. "ಇನ್ನು ಮೇಲೆ ಇವ್ರು" ಎನ್ನುತ್ತಿದ್ದರು ಕಾರ್ಯದರ್ಶಿ. ಅಷ್ಟೇ. ಕೆಲವರು ಕೈ ಮುಗಿದರು, ಒಬ್ಬ ಕಾಫಿ ಕೊಟ್ಟ, ಒಬ್ಬ, ಇವ್ರು ಎಷ್ಟ್ ದಿನಕ್ಕೆ ಓಡ್ತಾರೋ ನೋಡಣ ಎಂದ. ಒಂದು ಲೈನಿನ ಮುಂದೆ ಕಾಫಿ ಬುಟ್ಟಿ ಹೆಣೆಯುತ್ತಿದ್ದ ಹೆಂಗಸು ಎದ್ದು ನಿಂತಳು. ಎಡಗೈ ಸ್ವಲ್ಪ ಸೊಟ್ಟಗಿತ್ತು. ಇವಳೇ ಎಂದು ಯಾರೂ ಹೇಳಲಿಲ್ಲ. ಕಾರ್ಯದರ್ಶಿ ಅವಳ ಹತ್ತಿರ ಹೋಗಿ, ಸ್ಟೋರಿನ ಹಿಂದಿನ ವಾಲ್ವ್ ಇವರಿಗೆ ನೀನೇ ತೋರಿಸು ಎಂದರು. ಆಕೆ ಮುಂದೆ ನಡೆದು, ಕಾಲಿನಿಂದ ತರಗೆಲೆ ಸರಿಸಿ ತೋರಿಸಿದಳು. ನನಗೆ ಅದು ಚೆನ್ನಾಗಿ ಕಾಣುವವರೆಗೂ ಸರಿಸುತ್ತಲೇ ಇದ್ದಳು.

ಕೊನೆಗೆ ಒಂದು ತಿರುವಿನಲ್ಲಿ ಕಾರ್ಯದರ್ಶಿ ನಿಂತರು. ಇಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ, ಈ ಕಲ್ಲಿನ ಮೇಲೆ ಹತ್ತಿದರೆ ವಿಡಿಯೋ ಕೂಡ ಬರುತ್ತದೆ ಎಂದು ಅದನ್ನೂ ಚಾರ್ಜಿನ ಒಂದು ಬಾಬಿನ ಹಾಗೇ ತೋರಿಸಿದರು. ದಿನಾ ಸಂಜೆ ಅವರು ಮನೆಗೆ ಫೋನು ಮಾಡುತ್ತಿದ್ದುದು ಅಲ್ಲಿಂದಲೇ. ಅವತ್ತೂ ಕಲ್ಲು ಹತ್ತಿ ಮಾಡಿದರು. ನಾನೂ ನೀರುಗಂಟಿಯೂ ದೂರ ಸರಿದು ನಿಂತೆವು, ಆದರೂ ಗುಡ್ಡದಲ್ಲಿ ಮಾತು ಕೇಳಿಸುತ್ತದೆ. ನಾಳೆ ಬರುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ಮಗುವಿಗೆ ಹೇಳಿದರು. ಮಗು ಸ್ವಲ್ಪ ಯೋಚಿಸಿ ಕೇಳಿತು: "ಮತ್ತೆ ಯಾವಾಗ ಹೋಗ್ತೀಯಾ?"

ಹೋಗಲ್ಲ ಕಂದ ಎಂದರು. ಮಗು ಮತ್ತೆ ಅದನ್ನೇ ಕೇಳಿತು. ಸೋಮವಾರವೋ ಎಂದು ಕೇಳಿತು. ಆ ಮಗುವಿಗೆ ವಾರದ ದಿನಗಳಲ್ಲಿ ಗೊತ್ತಿದ್ದುದು ಅದೊಂದೇ ಇರಬೇಕು. ನೀರುಗಂಟಿ ಬೀಡಿ ಹಚ್ಚಿಕೊಂಡು ಇನ್ನೂ ಸ್ವಲ್ಪ ದೂರ ಹೋದ.

ಸಂಜೆ ಪಂಚಾಯಿತಿಯಲ್ಲಿ ಇಬ್ಬರೂ ಸಹಿ ಹಾಕಿದೆವು. ಅಧ್ಯಕ್ಷರು ಒಂದು ಶಾಲು ಹೊದಿಸಿ ನಾಲ್ಕು ಮಾತಾಡಿದರು. ಬೀಗದ ಕೈ ಕೊಡುವಾಗ ಕಾರ್ಯದರ್ಶಿ, ಉದ್ದದ ಕೀ ಸ್ವಲ್ಪ ಎಡಕ್ಕೆ ಒತ್ತಿ ತಿರುಗಿಸಬೇಕು ಎಂದಷ್ಟೇ ಹೇಳಿದರು. ಮರುದಿನ ಬೆಳಿಗ್ಗೆ ಗಂಡ ಜೀಪು ತಂದಿದ್ದ. ಪಾತ್ರೆ, ಹಾಸಿಗೆ, ಒಂದು ಮಡಚುವ ಮೇಜು ಏರಿಸಿಕೊಂಡು ಹೋದರು.

ನನ್ನ ಮುಂದಿನ ಆದೇಶ ಬರಲು ಬಹಳ ಕಾಲ ಹಿಡಿಯಿತು. ವಾರದಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಹೊಸಬ ಹೇಳಿದ್ದು ಅಕ್ಷರಶಃ ನಿಜವಾಯಿತು, ಆ ಜನ ನನ್ನನ್ನು ಬಿಡಲಿಲ್ಲ. ಆ ಕಥೆ ಇಲ್ಲಿಗೆ ಬೇಡ.

ಕಾರ್ಯದರ್ಶಿಯನ್ನು ಮತ್ತೆ ನೋಡಿದ್ದು ಅವರು ತಮ್ಮ ಸೇವಾ ಪುಸ್ತಕದ ವಿಚಾರಕ್ಕೆ ನಮ್ಮ ಕಚೇರಿಗೆ ಬಂದಾಗ. ಅದನ್ನು ನಾವು ಹೊಸ ಕಡೆಗೆ ಕಳಿಸುವುದು ತಡವಾಗಿತ್ತು. ನಾನು ಸಹಿ ಮಾಡಿಸಿಕೊಂಡು ಬರುವವರೆಗೆ ಪಕ್ಕದ ಮೇಜಿನವರ ಹತ್ತಿರ ಮಾತಾಡುತ್ತ ಕೂತಿದ್ದರು. ನಾನು ಬಂದ ಮೇಲೆ ಮತ್ತೊಮ್ಮೆ ನನಗೂ ಹೇಳಿದರು.

ಅವರು ಜೀಪಿಳಿದ ದಿನವೇ ವಾರಗಿತ್ತಿ ತವರಿಗೆ ಹೋದಳಂತೆ. ತಾಯಿಗೆ ಹುಷಾರಿಲ್ಲ ಎಂದು ಹೇಳಿದಳು. ತಾಯಿಗೆ ಏನೂ ಆಗಿರಲಿಲ್ಲ. ಬೇಕೆಂದೇ ಹೋದದ್ದು. ತಾನು ಮನೆಯಲ್ಲಿದ್ದರೆ ಮಗು ಹೆತ್ತವಳ ಹತ್ತಿರ ಹೋಗುವುದಿಲ್ಲ ಎಂದು ಗಂಡನಿಗೆ ಮಾತ್ರ ಹೇಳಿದ್ದಳಂತೆ. ಮಗು ಮೊದಲೆರಡು ದಿನ ಅಳಲಿಲ್ಲ. ಆಮೇಲೆ ಊಟ ಬಿಟ್ಟಿತು. ಜ್ವರ ಬಂತು. ಕಾರ್ಯದರ್ಶಿ ಹೊಸ ಕಚೇರಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ, ರಜೆ ಕೇಳಲು ಸಂಕೋಚ, ಆದರೂ ಕೇಳಿ ಮಗುವನ್ನು ಎತ್ತಿಕೊಂಡು ವಾರಗಿತ್ತಿಯ ತವರಿಗೆ ಹೋದರು. ಆಕೆ ಬಾಗಿಲಲ್ಲೇ ತಡೆದು, ನಾನು ಅಷ್ಟು ಕಷ್ಟಪಟ್ಟು ಕೊಟ್ಟು ಬಂದಿದ್ದನ್ನ ಯಾಕೆ ಹೊತ್ಕೊಂಡು ಬಂದೆ ಎಂದು ಬೈದಳಂತೆ. ಮಗು ಆಗಲೇ ಇವರ ತೋಳಿನಿಂದ ಆ ಕಡೆಗೆ ಬಾಗಿತ್ತು.

"ಇದೇನ್ ಪಂಚಾಯ್ತಿ ಚಾರ್ಜ್ ಏನಕ್ಕಾ, ಸೈನ್ ಹಾಕಿ ಕೊಟ್ಟು ಹೋಗೋಕೆ ಅಂದೆ ಸಾರ್" ಎಂದರು ಕಾರ್ಯದರ್ಶಿ. "ನಡಿ ಮನೆಗೆ ಅಂದೆ. ಮಗೂನ ಅವ್ಳ ಕೈಗೆ ಕೊಟ್ಟೆ. ಮೂರೂ ಜನ ಒಂದೇ ಬಸ್ಸಲ್ಲಿ ವಾಪಸ್ ಬಂದ್ವಿ."

ಈಗ ಯಾರನ್ನು ಅಮ್ಮ ಅನ್ನುತ್ತದೆ ಎಂದು ಪಕ್ಕದ ಮೇಜಿನವರು ಕೇಳಿದರು. ಕೇಳಬಾರದಿತ್ತು ಎಂದು ನನಗನ್ನಿಸಿತು. ಆಕೆಗೆ ಹಾಗೇನೂ ಅನ್ನಿಸಲಿಲ್ಲ. ಈಗ ಇಬ್ಬರಿಗೂ ಏಯ್ ಎನ್ನುತ್ತದೆ, ಇಬ್ಬರ ಮೇಲೂ ಸಿಟ್ಟು, ನೀರು ಬೇಕಾದರೂ ಏಯ್, ಎತ್ತಿಕೊಳ್ಳಬೇಕಾದರೂ ಏಯ್, ಅವರಪ್ಪನ ಹಾಗೇ ಎಂದು ನಕ್ಕರು.

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಗಡಿಯಾರ ನೋಡಿ ಎದ್ದರು. ಮನೆ ಕಡೆ ಹೋಗುವ ಆಲೂರಿನ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ, ಅಕ್ಕ, ಅಂದರೆ ವಾರಗಿತ್ತಿ, ಊರಲ್ಲಿಲ್ಲ, ಈ ಸಲ ನಿಜವಾಗಿಯೂ ಅವರಮ್ಮನಿಗೆ ಹುಷಾರಿಲ್ಲ ಎಂದರು. ಮಗು ಎಷ್ಟು ಹೇಳಿದರೂ ಒಳಗೆ ಕೂರುವುದಿಲ್ಲವಂತೆ, ಬಾಗಿಲಲ್ಲೇ ರಸ್ತೆ ನೋಡುತ್ತ ಕೂತಿರುತ್ತದಂತೆ.

ನಿಮಗಾಗಿ ಕಾಯುವುದಾ ಎಂದೆ, ಮೆಟ್ಟಿಲವರೆಗೆ ಜೊತೆಗೆ ಹೋಗುತ್ತ.

"ನನಗೇ ಸಾರ್, ಇನ್ಯಾರಿಗೆ? ಅಕ್ಕ ಇಲ್ವಲ್ಲ."

ಅಂದದ್ದು ಇಷ್ಟೇ, ಇದೇ ಮಾತು. ಇದರಲ್ಲಿ ನನಗೆ ಅನುಮಾನವಿಲ್ಲ. ಹೇಳುವಾಗ ಮುಖ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ಬಸ್ಸಿನ ಹಾರನ್ ಕೇಳಿಸಿತ್ತು, ಅವರು ಆಗಲೇ ಬೆನ್ನು ಹಾಕಿ ಇಳಿಯುತ್ತಿದ್ದರು.